ಹತ್ತನೆಯ ತರಗತಿಯ ಅನಂತರ: ಮುಂಬಯಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿ

ಹೊರನಾಡ ಕನ್ನಡಿಗರ ಶೈಕ್ಷಣಿಕ ಸಾಧನೆಯನ್ನು ಕುರಿತು ಬರೆಯುವವರು ಮುಂಬಯಿಯ ರಾತ್ರಿ ಶಾಲೆಗಳನ್ನು ಅಭಿಮಾನದಿಂದ ನೆನೆಯುವುದು ವಾಡಿಕೆ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಇರುಳು ಓದಿ ಮೆಟ್ರಿಕ್ ದಾಟಿದ ತುಳುನಾಡ ತರುಣರ ಚರಿತ್ರೆ ಅದು. ಆ ಅಭಿಮಾನ ಸಲ್ಲತಕ್ಕದ್ದೇ. ಆದರೆ ಅಂದು ಮೆಟ್ರಿಕ್ ಎಂಬುದು ಒಂದು ನೆಲೆಯಾಗಿತ್ತು. ಅದನ್ನು ಮುಟ್ಟಿದವನಿಗೆ ಗುಮಾಸ್ತಿಕೆಯಾದರೂ ದೊರೆಯುವ ಭರವಸೆಯಿತ್ತು. ಇಂದು ಹತ್ತನೆಯ ತರಗತಿ ನೆಲೆಯಲ್ಲ, ಬರಿಯ ಹೊಸ್ತಿಲು. ಆ ಹೊಸ್ತಿಲಲ್ಲಿ ಎಡವುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರ ಕಡೆಗೆ ಹೊರನಾಡಿನ ಕನ್ನಡ ಚಿಂತನೆ ಇನ್ನೂ ಸಾಕಷ್ಟು ಗಮನ ಹರಿಸಿಲ್ಲ.

ಹತ್ತನೆಯ ತರಗತಿಯವರೆಗಿನ ವ್ಯವಸ್ಥೆ ಕೆಟ್ಟದ್ದೇನಲ್ಲ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. 1967ರಲ್ಲಿ ಸ್ಥಾಪನೆಗೊಂಡ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅಲ್ಲಿಂದ ಮುಂದೆ ವಿಜ್ಞಾನ, ವಾಣಿಜ್ಯ ಯಾವುದನ್ನು ಆರಿಸಿಕೊಂಡರೂ ಮುಂಬಯಿಯ ಜೂನಿಯರ್ ಕಾಲೇಜು ಅವರ ಪಾಲಿಗೆ ಇಂಗ್ಲಿಷಿನದೇ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನಷ್ಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳನ್ನು ಒಂದೇ ಘಟ್ಟವೆಂದು ಎಣಿಸಿದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಮಾತ್ರ ಆ ಘಟ್ಟದ ನಟ್ಟನಡುವೆ ಭಾಷೆ ಮುರಿಯುತ್ತದೆ.

ಈ ಮುರಿತದ ಸ್ವರೂಪವನ್ನು ಸರಿಯಾಗಿ ಗುರುತಿಸಬೇಕು. ಕನ್ನಡದಲ್ಲಿ ವಿಜ್ಞಾನ ಓದಿದವನಿಗೆ ಜವ ಬೇರೆ, ವೇಗ ಬೇರೆ ಎಂಬುದು ಗೊತ್ತು. ದಿಕ್ಕು ಸೇರಿದಾಗಲೇ ಜವ ವೇಗವಾಗುತ್ತದೆ, ವೇಗ ಬದಲಾಗುವ ದರವೇ ವೇಗೋತ್ಕರ್ಷ ಎಂದು ಆತ ಸ್ಪಷ್ಟವಾಗಿ ಹೇಳಬಲ್ಲ. ಹನ್ನೊಂದನೆಯ ತರಗತಿಯಲ್ಲಿ ಅಧ್ಯಾಪಕರು ಸ್ಪೀಡ್, ವೆಲಾಸಿಟಿ, ಆ್ಯಕ್ಸಲರೇಶನ್ ಎಂದಾಗ ಅವು ತನಗೆ ಪರಿಚಿತವಾದ ಸಂಗತಿಗಳೇ ಎಂದು ಆತನಿಗೆ ಹೊಳೆಯುವುದಿಲ್ಲ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲ ಹುಡುಗಿ ಫೋಟೋಸಿಂಥೆಸಿಸ್ ಎಂಬ ಶಬ್ದದ ಮುಂದೆ ಮೌನಿಯಾಗುತ್ತಾಳೆ. ಅಧ್ಯಾಪಕರು ಆ ಮೌನವನ್ನು ಅಜ್ಞಾನವೆಂದು ಬಗೆಯುತ್ತಾರೆ. ಕೆಲವು ತಿಂಗಳಲ್ಲಿ ಆಕೆಯೂ ಹಾಗೆಯೇ ನಂಬತೊಡಗುತ್ತಾಳೆ. ನಷ್ಟವಾಗುವುದು ಇಲ್ಲಿ, ಅಂಕಪಟ್ಟಿಯಲ್ಲಿ ಕಾಣಿಸುವುದು ಅದರ ಪರಿಣಾಮ ಮಾತ್ರ.

ಎರಡನೆಯ ತೊಡಕು ಕಾಗದಪತ್ರಗಳದು. ಇಂದು ಮುಂಬಯಿಯ ಕನ್ನಡ ಶಾಲೆಗಳಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಕೂಲಿಗಾಗಿ ಬಂದ ಕುಟುಂಬಗಳ ಮಕ್ಕಳ ಪಾಲು ದೊಡ್ಡದು. (ಕನ್ನಡ ಸಂಘಗಳ ವೇದಿಕೆಯಲ್ಲಿ ಕಾಣುವವರ ಮಕ್ಕಳು ಬಹುತೇಕ ಇಂಗ್ಲಿಷ್ ಶಾಲೆಗಳಲ್ಲಿದ್ದಾರೆಂಬುದನ್ನೂ ಮರೆಮಾಚಬೇಕಾಗಿಲ್ಲ.) ಮುಂಬಯಿಯಲ್ಲಿ 2009ರಿಂದ ಹನ್ನೊಂದನೆಯ ತರಗತಿಯ ಪ್ರವೇಶ ಗಣಕದ ಮೂಲಕ ನಡೆಯುತ್ತಿದೆ. ಕಾಲೇಜುಗಳ ಆಯ್ಕೆಯ ಕ್ರಮ ತಪ್ಪಿದರೆ ಒಳ್ಳೆಯ ಅಂಕವಿದ್ದೂ ದೂರದ ಕಾಲೇಜು ಗಂಟುಬೀಳಬಹುದು. ಒಂದು ರಾಜ್ಯದಲ್ಲಿ ಪರಿಶಿಷ್ಟರೆಂದು ಮಾನ್ಯತೆ ಪಡೆದವರು ವಲಸೆ ಹೋದ ರಾಜ್ಯದಲ್ಲಿ ತಾವಾಗಿಯೇ ಆ ಸೌಲಭ್ಯಕ್ಕೆ ಅರ್ಹರಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ, ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶದ ಪ್ರಕರಣದಲ್ಲಿಯೇ, ತೀರ್ಪಿತ್ತಿತು. ಊರಿನಿಂದ ತಂದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯದೆಂಬ ಸತ್ಯ ಎಷ್ಟೋ ತಂದೆತಾಯಿಗಳಿಗೆ ತಿಳಿಯುವುದು ಅರ್ಜಿ ತುಂಬುವ ವಾರದಲ್ಲಿ. ಒಂಬತ್ತನೆಯ ತರಗತಿಯಲ್ಲಿಯೇ ಯಾರಾದರೂ ಹೇಳಿದ್ದರೆ ಬೇರೆ ದಾರಿ ಹುಡುಕಲು ಎರಡು ವರ್ಷ ಸಿಗುತ್ತಿತ್ತು.

ಇದಕ್ಕೆಲ್ಲ ಕನ್ನಡ ಮಾಧ್ಯಮವನ್ನು ಮುಚ್ಚುವುದೇ ಮದ್ದೆಂಬ ವಾದವೂ ಇದೆ. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಹೇರಿದರೆ ಹದಿನಾರರ ಮೌನ ಆರನೆಯ ವಯಸ್ಸಿಗೇ ಬರುತ್ತದೆ, ಅಷ್ಟೆ. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ, ಉಳಿದವನ್ನು ಮಾತೃಭಾಷೆಯಲ್ಲಿ ಕಲಿಸುವ ‘ಸೆಮಿ ಇಂಗ್ಲಿಷ್’ ಪದ್ಧತಿ ಮರಾಠಿ ಶಾಲೆಗಳಲ್ಲಿ ಬಳಕೆಯಲ್ಲಿದೆ. ಅದನ್ನು ಕೂಡಲೇ ತಳ್ಳಿಹಾಕಬೇಕಾಗಿಲ್ಲ. ಆದರೆ ಕನ್ನಡದಲ್ಲಿ ಈಗಾಗಲೇ ಆದ ಅರಿವನ್ನು ಬದಿಗಿಡುವುದಕ್ಕಿಂತ ಅದಕ್ಕೆ ಇನ್ನೊಂದು ಹೆಸರನ್ನು ಜೋಡಿಸುವುದು ಸುಲಭ, ಅಗ್ಗ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಕೊಟ್ಟು, ಕನ್ನಡದಲ್ಲಿ ಬರೆದ ಉತ್ತರವನ್ನೇ ಇಂಗ್ಲಿಷಿನ ನಾಲ್ಕು ವಾಕ್ಯಗಳಲ್ಲಿ ಹೇಳಿಸಿದರೆ ಸೇತುವೆಯ ಬಹುಭಾಗ ಕಟ್ಟಿದಂತೆ.

ಇದು ಶಾಲಾ ಶಿಕ್ಷಕರೊಬ್ಬರಿಂದ ಆಗತಕ್ಕ ಕೆಲಸವಲ್ಲ. ಹೊರನಾಡಿನ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಇದರಲ್ಲಿ ನೇರವಾದ ಹಿತವಿದೆ. ಹನ್ನೆರಡನೆಯ ತರಗತಿಗೆ ಕನ್ನಡವನ್ನು ಭಾಷಾವಿಷಯವಾಗಿ ಆಯ್ದುಕೊಳ್ಳಲು ಮಂಡಳಿ ಅವಕಾಶವಿತ್ತಿದ್ದರೂ, ಕಲಿಸುವ ಕಾಲೇಜು ಯಾವುದೆಂದು ವಿದ್ಯಾರ್ಥಿಗೆ ತಿಳಿಸುವವರಿಲ್ಲ. ಆತ ಅಲ್ಲಿಯೇ ಕನ್ನಡವನ್ನು ಕೈಬಿಟ್ಟ ಮೇಲೆ ಎಂ.ಎ. ತರಗತಿಗೆ ವಿದ್ಯಾರ್ಥಿಗಳಿಲ್ಲವೆಂದು ಕೊರಗಿ ಫಲವಿಲ್ಲ. ವಿಭಾಗಗಳು ಪರಿಭಾಷೆಯ ಕಿರುಕೋಶವೊಂದನ್ನು ಸಿದ್ಧಪಡಿಸಬಹುದು. ಕನ್ನಡ ಕಲಿಸುವ ಕಾಲೇಜುಗಳ ಯಾದಿಯನ್ನು ಪ್ರತಿವರ್ಷ ಶಾಲೆಗಳಿಗೆ ಕಳಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನಿಗೆ ಹತ್ತನೆಯ ತರಗತಿಯ ಇಬ್ಬರು ಮೂವರನ್ನು ಒಪ್ಪಿಸಿ, ಹನ್ನೆರಡು ಮುಗಿಯುವವರೆಗೆ ಅವರ ಯೋಗಕ್ಷೇಮ ವಿಚಾರಿಸುವ ಹೊಣೆ ಕೊಡಬಹುದು. ಮಾರ್ಚಿಯಲ್ಲಿ ಪರೀಕ್ಷೆ ಮುಗಿದ ಮೇಲೆ ಕಾಲೇಜು ತೆರೆಯುವವರೆಗೆ ಹುಡುಗರಿಗೆ ಎರಡು ತಿಂಗಳಿಗೂ ಮೀರಿದ ಬಿಡುವು. ಆ ಬೇಸಿಗೆಯಲ್ಲಿ ವಿಭಾಗದ ಕೊಠಡಿಗಳೂ ಬಹುಮಟ್ಟಿಗೆ ಖಾಲಿಯೇ ಇರುತ್ತವೆ.