ಆಟಕ್ಕೆ ಜಾತಿ ಇಲ್ಲವಂತೆ!

ಆಟಕ್ಕೆ ಜಾತಿ ಇಲ್ಲ, ಕಲೆಗೆ ಕುಲ ಇಲ್ಲ. ಈ ಮಾತು ಹೇಳುವವರು ಯಾರು ಅಂತ ಒಂದ್ಸಲ ನೋಡ್ರಿ ಗೆಳೆಯರೇ. ಕಣದ ದಂಡೆಗೆ ಕುರ್ಚಿ ಹಾಕ್ಕೊಂಡು ಕುಂತವರು. ಒಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅಂತ ಕಣ್ಣಲ್ಲೇ ಹೇಳುವವರು. ನಮ್ಮ ಕೇರಿಯಿಂದ ಈ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ.

ನಾಲತವಾಡ ಸೀಮೆಯ ಒಂದು ಹಳ್ಳಿ ನಮ್ಮದು. ಜಾತ್ರೆ ಬಂತೆಂದರೆ ಕುಸ್ತಿ. ಕಣಕ್ಕೆ ಮಣ್ಣು ಅಗೆದು ಹೊತ್ತು ಹಾಕುವವರು ನಮ್ಮವರು. ಅದಕ್ಕೆ ಎಣ್ಣೆ, ಮಜ್ಜಿಗೆ, ಲಿಂಬೆರಸ ಬಿದ್ದು ಹದ ಆದ ಮೇಲೆ ಅದು ಮಣ್ಣಲ್ಲ, ದೇವರು! ಆಮೇಲೆ ನಾವು ತುಳಿಯಬಾರದು. ಅಪ್ಪ ದಂಡೆಗೆ ನಿಂತು ಹಲಗಿ ಬಾರಿಸುತ್ತಿದ್ದ. ಕಣಿಕೆಯ ಉರಿಗೆ ಹಿಡಿದು ಕಾಸಿ, ಚರ್ಮ ಬಿಗಿ ಆಯಿತೋ ಇಲ್ಲೋ ಅಂತ ಬೆರಳಲ್ಲಿ ತಟ್ಟಿ ನೋಡಿ, ಒಂದು ಪೆಟ್ಟು ಹಾಕಿದನೆಂದರೆ ಸತ್ತಂಗೆ ನಿಂತ ಪೈಲ್ವಾನನೂ ತೊಡೆ ತಟ್ಟುತ್ತಿದ್ದ. ಪಟ್ಟು ಬಿಗಿಯಾದಂತೆ ಬಡಿತವೂ ಬಿಗಿ. ಯಾರ ಬೆನ್ನು ಮಣ್ಣಿಗೆ ಹತ್ತುತ್ತದೆಂದು ಜನಕ್ಕಿಂತ ಮೊದಲು ಹಲಗಿಗೆ ಗೊತ್ತಾಗುತ್ತಿತ್ತು. ಗೆದ್ದವನಿಗೆ ಬೆಳ್ಳಿ ಕಡೆ, ಪಟಕಾ. ಅಪ್ಪನಿಗೆ ಮೇಲಿಂದ ಒಗೆದ ಚಿಲ್ಲರೆ.

ಹದಿನಾಲ್ಕರ ಹುಡುಗ ನಾನು, ಒಂದು ವರ್ಷ ಅಂಗಿ ಬಿಚ್ಚಿ ಹೆಸರು ಬರೆಸಲು ಹೋದೆ. “ಲೇ ತಮ್ಮಾ, ನಿಮ್ಮಪ್ಪನ ಕಡೆ ಹಲಗಿ ಕಲಿ ಹೋಗು. ಅದೂ ಒಂದು ಕಲಾನ ಐತಿ” ಅಂದರು ಹಿರಿಯರು. ನಕ್ಕೊಂತ ಅಂದರು. ಬೈದಿದ್ದರೆ ಬಹುಶಃ ಮರೆಯುತ್ತಿದ್ದೆ.

ಕುಸ್ತಿ ಮುಟ್ಟುವ ಆಟ. ಎದೆಗೆ ಎದೆ ಹಚ್ಚಬೇಕು, ಒಬ್ಬನ ಬೆವರು ಇನ್ನೊಬ್ಬನಿಗೆ ಹತ್ತಬೇಕು. ಗೌಡರ ಮಗನ ಬೆನ್ನನ್ನು ನಾನು ಮಣ್ಣಿಗೆ ಹಚ್ಚಿದರೆ ಮರುದಿನ ಅವನ ಹೊಲದಲ್ಲಿ ತಲೆ ತಗ್ಗಿಸಿ ನಿಲ್ಲುವವರು ಯಾರು? ಅವರ ಭಯ ಮೈಲಿಗೆಯದಲ್ಲ, ಸೋಲಿನದು.

ಕ್ರಿಕೆಟ್ಟಿನಲ್ಲಿ ಮುಟ್ಟುವ ತಾಪತ್ರಯ ಕಡಿಮೆ. ನಮ್ಮ ಧಾರವಾಡದಲ್ಲೇ 1876ರಲ್ಲಿ ಹುಟ್ಟಿದ ಪಾಲವಣಕರ ಬಾಳೂ ಚಮ್ಮಾರ ಕುಲದವರು. ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು, ಬಿಳಿಯರನ್ನು ಸೋಲಿಸಬೇಕಿತ್ತಲ್ಲ! ಅವರು ಎಸೆದ ತೊಗಲಿನ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದರು. ನಾಯಕನ ಪಟ್ಟ ಸಿಗಲಿಲ್ಲ. ಅದು ಮನೆತನಕ್ಕೆ ಬಂದದ್ದು 1923ರಲ್ಲಿ, ತಮ್ಮ ವಿಠ್ಠಲನಿಗೆ. (ಇದೇ ಬಾಳೂ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ನಿಂತು ಸೋತರು. ಆ ಸಿಟ್ಟು ನನಗೆ ಇದ್ದೇ ಇದೆ. ಕುಡಿಕೆಯ ಲೆಕ್ಕ ಬೇರೆ.)

ಈಗ ಹಲಗಿ ಉತ್ಸವದ ವೇದಿಕೆ ಹತ್ತಿದೆ. ಅದರ ಬಗ್ಗೆ ಭಾಷಣ ಮಾಡಿದವರಿಗೆ ಶಾಲು, ಬಾರಿಸಿದವನಿಗೆ ಕಡೆಯ ಪಂಕ್ತಿಯ ಊಟ. ಜಾನಪದ ಸಂಪತ್ತಂತೆ! ಸಂಪತ್ತು ಯಾರ ಮನೆ ಸೇರಿತು, ಸ್ವಾಮೀ?

“ಮನುಷ್ಯನ ಸ್ವಭಾವಾನ ಹಂಗ” ಅನ್ನುವ ಪಂಡಿತರೂ ಇದ್ದಾರೆ. ಸುಳ್ಳು. ದನ ಕಾಯುವಾಗ ಗೌಡರ ಮಗನೂ ನಾನೂ ಹಳ್ಳದ ಉಸುಕಿನಲ್ಲಿ ಕುಸ್ತಿ ಹಿಡಿದವರು. ಎರಡು ಸಲ ಕೆಡವಿದ್ದೇನೆ. ಎದ್ದು ಮೈ ಝಾಡಿಸಿ ಇಬ್ಬರೂ ಒಂದೇ ವರತಿಯ ನೀರು ಕುಡಿದಿದ್ದೇವೆ. ಅಲ್ಲಿ ಹಿರಿಯರು ಇರಲಿಲ್ಲ.

ಈ ವರ್ಷವೂ ಹಲಗಿಗೆ ಕರೆಯಲು ಬಂದರು. ಅಪ್ಪ ಈಗಿಲ್ಲ, ಅಣ್ಣ ಬಾರಿಸುತ್ತಾನೆ. ಅಣ್ಣನ ಮಗ ಬಾಗಿಲಲ್ಲೇ ಕೇಳಿದ: “ಕುಸ್ತಿಗೆ ನನ್ನ ಹೆಸರು ಬರಕೊಳ್ರಿ, ಅಪ್ಪ ಹಲಗಿ ತರ್ತಾನ.”

“ನೋಡೂಣು” ಅಂದು ಹೋದರು. ಹಲಗಿ ಗೂಟಕ್ಕೇ ಇದೆ.