ಕರವಸ್ತ್ರದ ಮೂಲೆಯ ಎರಡು ಅಕ್ಷರಗಳು

ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಿಕೆಯರು ಪ್ರತಿ ವರ್ಷವೂ ಹೊಲಿಗೆಯ ಪಾಠದಲ್ಲಿ ಕರವಸ್ತ್ರವೊಂದರ ಅಂಚು ಮಡಿಸಿ ಹೊಲಿದು, ಅದರ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕಸೂತಿಯಲ್ಲಿ ತೆಗೆಯುವುದು ಬಹುಕಾಲದಿಂದ ನಡೆದು ಬಂದ ಪದ್ಧತಿಯಾಗಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ಪೆಟ್ಟಿಗೆಯ ತಳದಲ್ಲಿ ಅಂಥ ಕರವಸ್ತ್ರವು ಇಂದಿಗೂ ಇರಬಹುದು. ಈ ವರ್ಷ ಆ ಪಾಠದಲ್ಲಿ ನಾವು ಕುಳಿತಿದ್ದಾಗ ಒಬ್ಬ ಬಾಲಿಕೆಯು ಸೂಜಿಗೆ ನೂಲು ಪೋಣಿಸಿಕೊಂಡು ಸುಮ್ಮನೆ ಕುಳಿತಿದ್ದುದನ್ನು ಕಂಡೆವು. ಕಾರಣವೇನೆಂದು ಕೇಳಲು ಅವಳು, “ಟೀಚರ್, ಅಪ್ಪನ ಅಕ್ಷರ ಹಾಕಬೇಡ, ನಾಳೆ ಮದುವೆಯಾದ ಮೇಲೆ ಬಿಚ್ಚಬೇಕಾಗುತ್ತದೆ ಎಂದು ಅಜ್ಜಿ ಹೇಳಿದ್ದಾರೆ. ಹಾಗಾದರೆ ಯಾವ ಅಕ್ಷರ ಹಾಕಲಿ?” ಎಂದಳು. ಆ ಪ್ರಶ್ನೆಗೆ ಒಡನೆಯೇ ಉತ್ತರವನ್ನು ಹೇಳಲು ನಮ್ಮಿಂದ ಆಗಲಿಲ್ಲ. ಆಮೇಲೆ ಆಲೋಚಿಸಿ ಕಂಡುಕೊಂಡುದನ್ನು ಪೋಷಕರ ಮತ್ತು ಹಳೆಯ ವಿದ್ಯಾರ್ಥಿನಿಯರ ಮುಂದೆ ಇಡಬಯಸುತ್ತೇವೆ.

ಹೆಸರಿನ ಅಕ್ಷರಗಳನ್ನು ಒಂದರೊಡನೊಂದು ಹೆಣೆದು ಒಂದೇ ಗುರುತನ್ನಾಗಿ ಮಾಡುವುದಕ್ಕೆ ಮಾನೋಗ್ರಾಂ ಎಂದು ಹೆಸರು. ಇದು ಬರಿಯ ಅಲಂಕಾರವಲ್ಲ. ಚಕ್ರವರ್ತಿ ಷಾರ್ಲಮಾನ್ ಕ್ರಿ.ಶ. 768ರಿಂದ 814ರವರೆಗೆ ಆಳಿದವನು. ಅವನ ರಾಜಪತ್ರಗಳ ಕೊನೆಯಲ್ಲಿ ಅವನ ಹೆಸರಿನ ಅಕ್ಷರಗಳನ್ನು ಶಿಲುಬೆಯಾಕಾರವಾಗಿ ಜೋಡಿಸಿದ ಮುದ್ರೆಯು ಕಾಣುತ್ತದೆ. ಲೇಖಕನು ಮುದ್ರೆಯನ್ನೆಲ್ಲ ಬರೆದಿಡಲು, ಚಕ್ರವರ್ತಿಯು ನಡುವೆ ಒಂದು ಗೆರೆಯನ್ನು ಮಾತ್ರ ಎಳೆದು ಅದನ್ನು ತನ್ನದಾಗಿ ಮಾಡುತ್ತಿದ್ದನು. ಬರೆಯಲು ಕಲಿಯಬೇಕೆಂಬ ಆಸೆಯಿಂದ ಅವನು ಬರೆವಣಿಗೆಯ ಹಲಗೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದನೆಂದೂ, ವಯಸ್ಸು ಮೀರಿ ಆರಂಭಿಸಿದ್ದರಿಂದ ಕೈ ತಿರುಗಲಿಲ್ಲವೆಂದೂ ಅವನ ಚರಿತ್ರೆಯನ್ನು ಬರೆದ ಐನ್‌ಹಾರ್ಡ್ ಹೇಳುತ್ತಾನೆ. ತನ್ನ ಹೆಸರಿನ ಗುರುತಿನಲ್ಲಿ ಒಂದು ಗೆರೆಯಾದರೂ ತನ್ನ ಕೈಯದಾಗಿರಬೇಕೆಂಬ ಆಸೆಯು ಚಕ್ರವರ್ತಿಗೂ ಇತ್ತು. ನಮ್ಮ ಬಾಲಿಕೆಗೂ ಇದೆ.

ಜರ್ಮನಿಯ ಚಿತ್ರಕಾರನಾದ ಆಲ್ಬ್ರೆಕ್ಟ್ ಡ್ಯೂರರನು ವಿಶಾಲವಾದ ಎ ಅಕ್ಷರದ ಕಾಲುಗಳ ನಡುವೆ ಡಿ ಅಕ್ಷರವನ್ನು ಕೂಡಿಸಿ ತನ್ನ ಚಿತ್ರಗಳ ಮೇಲೆ ಹಾಕುತ್ತಿದ್ದನು. ಇಟಲಿಯ ಮಾರ್ಕಾಂಟೋನಿಯೋ ಎಂಬವನು ಆ ಚಿತ್ರಗಳನ್ನು ಮುದ್ರೆಸಹಿತವಾಗಿ ನಕಲು ಮಾಡಿ ಮಾರಲು, ಡ್ಯೂರರನು ವೆನಿಸ್ಸಿನ ಆಡಳಿತದವರಲ್ಲಿ ದೂರಿದನೆಂದೂ, ಅವರು ಮುದ್ರೆಯನ್ನು ಮಾತ್ರ ಬಳಸಕೂಡದೆಂದು ತೀರ್ಪಿತ್ತರೆಂದೂ ವಸಾರಿ ಎಂಬ ಲೇಖಕನು ಬರೆದಿದ್ದಾನೆ. ಚಿತ್ರವನ್ನು ನಕಲು ಮಾಡಿದರೂ ಮಾಡಬಹುದು, ಹೆಸರನ್ನು ಮಾತ್ರ ಕದಿಯಬಾರದು ಎಂಬುದು ಇದರ ಅರ್ಥವಲ್ಲವೇ?

ಹೆಣ್ಣುಮಕ್ಕಳ ಸೂಜಿಗೆ ಈ ವಿದ್ಯೆಯು ಬಂದುದು ಮನೆಯ ಬಟ್ಟೆಗಳ ಮೂಲಕ. ಐರೋಪ್ಯ ದೇಶಗಳಲ್ಲಿ ಹುಡುಗಿಯರು ಅಕ್ಷರಮಾಲೆಯನ್ನು ಬಟ್ಟೆಯ ಮೇಲೆ ಹೊಲಿದು ಕಲಿಯುತ್ತಿದ್ದರು. ಅಗಸೆ ನಾರಿನ ಹಾಸುಬಟ್ಟೆ, ದಿಂಬಿನ ಚೀಲಗಳು ಒಗೆಯುವಲ್ಲಿ ಕಲೆತುಹೋಗದಂತೆ ಮೊದಲಕ್ಷರಗಳನ್ನೂ ಸಂಖ್ಯೆಯನ್ನೂ ಹಾಕುತ್ತಿದ್ದರು. ನಾವು ಬೋರ್ಡಿಂಗಿನಲ್ಲಿ ಇದ್ದಾಗ ಮಡಿವಾಳರು ನಮ್ಮ ಬಟ್ಟೆಗಳಿಗೆ ಮಾಸದ ಮಸಿಯಿಂದ ಚುಕ್ಕಿಗೆರೆಗಳ ಗುರುತು ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ಆದರೆ ಗುರುತು ಹಾಕಿದ ಮಾತ್ರಕ್ಕೆ ಒಡೆತನವು ಬರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1870 ಮತ್ತು 1882ರ ಕಾಯಿದೆಗಳು ಆಗುವವರೆಗೆ, ಮದುವೆಯಾದ ಸ್ತ್ರೀಯ ಪೆಟ್ಟಿಗೆಯಲ್ಲಿನ ಬಟ್ಟೆಯು ಅವಳ ಅಕ್ಷರವನ್ನೇ ಹೊತ್ತಿದ್ದರೂ ಸಾಮಾನ್ಯವಾಗಿ ಗಂಡನ ಸ್ವತ್ತಾಗುತ್ತಿತ್ತು. ಅಕ್ಷರ ಅವಳದು, ಬಟ್ಟೆ ಅವನದು!

ಈಗ ನಮ್ಮ ನಾಡಿನ ಮಾತಿಗೆ ಬರೋಣ. ವಿಜಯನಗರದ ಅರಸರು ಸಂಸ್ಕೃತದಲ್ಲಿ ನಾಗರಿ ಲಿಪಿಯ ತಾಮ್ರಶಾಸನಗಳನ್ನು ಬರೆಯಿಸಿದಾಗಲೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವನ್ನು ಕನ್ನಡ ಅಕ್ಷರಗಳಲ್ಲಿ ಹಾಕಿಸುತ್ತಿದ್ದರು. ಹೊಸಗನ್ನಡ ಸಾಹಿತ್ಯದಲ್ಲಿ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಇಂಗ್ಲೀಷಿನ ಅಕ್ಷರಗಳಿಂದ ಡಿ.ವಿ.ಜಿ. ಆದರು, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕನ್ನಡದ ಅಕ್ಷರಗಳಿಂದ ಕುವೆಂಪು ಆದರು. ಇಬ್ಬರೂ ನಮಗೆ ಪೂಜ್ಯರೇ. ಆದರೂ ಎರಡನೆಯ ರೀತಿಯಲ್ಲಿ ಊರು, ತಂದೆ, ತಾನು ಎಂಬ ಮೂರೂ ಸೇರಿ ಬಾಯಲ್ಲಿ ನುಡಿಯಬಹುದಾದ ಒಂದು ಹೆಸರೇ ಆಗಿರುವುದನ್ನು ನೋಡಿರಿ. ಬೇಂದ್ರೆಯವರಾದರೋ ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ತಾಯಿಯ ಹೆಸರನ್ನೇ ಮುಂದಿಟ್ಟರು.

ಇಷ್ಟೆಲ್ಲ ಇದ್ದರೂ, ನಾವೇ ಅನೇಕ ವರ್ಷ ಕರಿಹಲಗೆಯ ಮೇಲೆ ಇಂಗ್ಲೀಷಿನ ಅಕ್ಷರಗಳನ್ನು ಮಾತ್ರ ಬರೆದು, ಮನೆತನದ ಹೆಸರಿನ ಅಕ್ಷರವನ್ನು ನಡುವೆ ದೊಡ್ಡದಾಗಿಯೂ ಬಾಲಿಕೆಯ ಅಕ್ಷರವನ್ನು ಪಕ್ಕದಲ್ಲಿ ಚಿಕ್ಕದಾಗಿಯೂ ಹೊಲಿಸಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಮಾದರಿಯ ಪುಸ್ತಕದಲ್ಲಿ ಹಾಗಿತ್ತು, ಹಾಗೆಯೇ ಮಾಡಿಸಿದೆವು. ಈಗ ನಮ್ಮ ಅಭಿಪ್ರಾಯವು ಬದಲಾಗಿದೆ.

ಮೊದಲನೆಯದಾಗಿ, ಮುದ್ರೆಯು ಕನ್ನಡದಲ್ಲಿರಲಿ. ಎಸ್ ಎಂದರೆ ಸುಮತಿಯೋ ಶಾಂತೆಯೋ ಸ್ಟೆಲ್ಲಳೋ ತಿಳಿಯದು. ಸು, ಶಾ, ಸ್ಟೆ ಎಂದರೆ ಸಂಶಯವಿಲ್ಲ. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಸೂಜಿಗೂ ಒಗ್ಗುತ್ತವೆ. ಆದರೆ ಕೆಲವು ಎಚ್ಚರಿಕೆಗಳುಂಟು. ಒಂದು ಅಕ್ಷರದ ಕೆಳಗೆ ಇನ್ನೊಂದನ್ನು ತಲೆಕಟ್ಟಿಲ್ಲದೆ ಬರೆದರೆ ಅದು ಒತ್ತಕ್ಷರವಾಗುತ್ತದೆ. ಸ ಅಕ್ಷರದ ಕೆಳಗೆ ವ ಬಂದರೆ ಓದುವವರು ಸ್ವ ಎಂದೇ ಓದುವರು. ಆದುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎರಡಕ್ಕೂ ಒಂದೇ ಉದ್ದವಾದ ತಲೆಕಟ್ಟನ್ನು ಹೊದಿಸುವುದು ಉತ್ತಮ. ಒಂದೇ ಮಾಡಿನ ಕೆಳಗೆ ಇಬ್ಬರು ಇದ್ದಂತೆ ಇರುತ್ತದೆ. ಬ, ಲ, ಜ ಮುಂತಾದವುಗಳಿಗೆ ತಲೆಕಟ್ಟಿಲ್ಲವಾದ್ದರಿಂದ ಅವುಗಳನ್ನು ಜೊತೆಯ ಅಕ್ಷರಕ್ಕೆ ತಗಲಿಸಿ ಇಡಬೇಕು. ಸಣ್ಣ ಗೆರೆಗಳನ್ನು ಮರೆಯಬಾರದು: ಒಂದು ಗೆರೆ ಹೋದರೆ ಧ ಎಂಬುದು ದ ಆಗುತ್ತದೆ, ಷ ಎಂಬುದು ಪ ಆಗುತ್ತದೆ, ಒಂದು ಚುಕ್ಕೆ ಹೋದರೆ ಠ ಎಂಬುದು ರ ಆಗುತ್ತದೆ. ಮೊದಲು ಚೌಕಗಳಿರುವ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಹತ್ತು ಸಲ ಬರೆದು ನೋಡಬೇಕು. ಬಳಿಕ ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ, ಮೂರನೆಯ ತರಗತಿಯ ಮಗುವಿಗೆ ತೋರಿಸಬೇಕು. ಮಗು ಓದಿದರೆ ಅದು ಹೆಸರು. ಓದದಿದ್ದರೆ ಬರಿಯ ಬಳ್ಳಿ. ಡ್ಯೂರರನ ಮುದ್ರೆಯು ಐನೂರು ವರ್ಷಗಳ ಮೇಲೆಯೂ ಓದಲು ಬರುವುದು ಅದರಲ್ಲಿ ಎರಡು ಅಕ್ಷರಗಳೂ ತಮ್ಮ ಪೂರ್ಣರೂಪದಲ್ಲಿ ಇರುವುದರಿಂದಲೇ.

ಎರಡನೆಯದಾಗಿ, ಬಾಲಿಕೆಯ ಸ್ವಂತ ಹೆಸರಿನ ಅಕ್ಷರವು ಮೊದಲು ಬರಲಿ, ದೊಡ್ಡದಾಗಿರಲಿ. ಜೊತೆಯ ಅಕ್ಷರವು ಅವಳನ್ನು ಸಾಕಿ ಬೆಳೆಸಿದವರದಾಗಿರಲಿ. ಅದು ತಂದೆಯದೋ, ತಾಯಿಯದೋ, ಅಜ್ಜಿಯದೋ ಮನೆಯವರು ನಿಶ್ಚಯಿಸಲಿ. ಇನ್ನೂ ಬಾರದ ಗಂಡನ ಅಕ್ಷರಕ್ಕಾಗಿ ಹದಿಮೂರು ವರ್ಷದ ಹುಡುಗಿಯು ಕರವಸ್ತ್ರದ ಮೂಲೆಯನ್ನು ಖಾಲಿ ಬಿಡುವುದು ನಮಗೆ ಸರಿಕಾಣದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದು ಪೋಷಕರು ಕೇಳಬಹುದು. ಅದು ಸಣ್ಣದಲ್ಲವೆಂಬುದಕ್ಕೆ ನಮ್ಮ ಕಚೇರಿಯ ಮೇಜೇ ಸಾಕ್ಷಿ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು, ಆಸ್ತಿಪತ್ರದಲ್ಲಿ ಮತ್ತೊಂದು ಇರುವುದರಿಂದ, ಆ ಮೂವರೂ ತಾವೊಬ್ಬರೇ ಎಂದು ಅಫಿಡವಿಟ್ ಮಾಡಿಸಿಕೊಂಡು ಬರುವ ಹಳೆಯ ವಿದ್ಯಾರ್ಥಿನಿಯರನ್ನು ನಾವು ಅಲ್ಲಿ ಕಾಣುತ್ತೇವೆ. ಗಂಡನನ್ನು ಕಳೆದುಕೊಂಡ ಒಬ್ಬರು ಹೀಗೆ ಬಂದಿದ್ದರು. ಕಾಗದಗಳನ್ನು ಸುತ್ತಿ ತಂದಿದ್ದ ದಿಂಬಿನ ಚೀಲವು ನಮ್ಮ ಶಾಲೆಯಲ್ಲಿಯೇ ಅವರು ಹೊಲಿದದ್ದು. ಮದುವೆಯ ಮರುವರ್ಷ ತಮ್ಮ ಅಕ್ಷರವನ್ನು ಬಿಚ್ಚಿ ಹೊಸ ಅಕ್ಷರ ಹಾಕಿದ್ದರಂತೆ. ಹಳೆಯ ಸೂಜಿಯ ತೂತುಗಳು ಮಾತ್ರ ಹಾಗೆಯೇ ಇದ್ದವು. ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು. ಆ ಹೆಸರನ್ನು ತಾವೇ ಎಂದು ಈಗ ಅವರು ಸಾಬೀತು ಮಾಡಬೇಕಾಗಿತ್ತು.

ಮದುವೆಯಾದ ಸ್ತ್ರೀಯು ಹೆಸರನ್ನು ಬದಲಾಯಿಸಲೇಬೇಕೆಂದು ನಮ್ಮ ದೇಶದ ಯಾವ ಕಾಯಿದೆಯೂ ಹೇಳುವುದಿಲ್ಲ. 2016ರಲ್ಲಿ ಪ್ರಕಟವಾದ ಪಾಸ್‌ಪೋರ್ಟಿನ ನಿಯಮಗಳಂತೆ ಅರ್ಜಿಯಲ್ಲಿ ತಂದೆತಾಯಿಗಳಲ್ಲಿ ಒಬ್ಬರ ಹೆಸರನ್ನು ಕೊಟ್ಟರೂ ಸಾಕು. ಹಾಗೆಂದು, ಗಂಡನ ಹೆಸರನ್ನು ಪ್ರೀತಿಯಿಂದ ಸೇರಿಸಿಕೊಂಡವರನ್ನು ನಾವು ಆಕ್ಷೇಪಿಸುವವರಲ್ಲ. ಹೊಸ ಮನೆಯ ಮೇಜಿನ ಬಟ್ಟೆಗೆ ಇಬ್ಬರ ಅಕ್ಷರಗಳೂ ಕೂಡಿದ ಹೊಸ ಮುದ್ರೆಯೊಂದನ್ನು ರಚಿಸಿಕೊಳ್ಳಲಿ; ಅದು ಬಹು ಚೆಲುವಾದ ಕೆಲಸ. ಅಕ್ಷರವನ್ನು ಕೂಡಿಸುವುದು ಬೇರೆ, ಇದ್ದುದನ್ನು ಬಿಚ್ಚುವುದು ಬೇರೆ. ನಮ್ಮ ಆಕ್ಷೇಪಣೆಯು ಬಿಚ್ಚುವುದಕ್ಕೆ ಮಾತ್ರ.

ಆ ಬಾಲಿಕೆಗೆ ಮರುದಿನ ಇಷ್ಟನ್ನೇ ಸಂಕ್ಷೇಪವಾಗಿ ಹೇಳಿ, ಮನೆಯಲ್ಲಿ ವಿಚಾರಿಸಿ ಬರುವಂತೆ ಕಳುಹಿಸಿದೆವು. ಅವಳು ತನ್ನ ಅಕ್ಷರದ ಪಕ್ಕದಲ್ಲಿ ಅಜ್ಜಿಯ ಅಕ್ಷರವನ್ನು ಬರೆದುಕೊಂಡು ಬಂದಳು. ಅಜ್ಜಿ ಏನೆಂದರು ಎಂದು ಕೇಳಿದೆವು. “ನನ್ನ ಅಕ್ಷರ ಎಷ್ಟೆಂದು ನನಗೇ ಗೊತ್ತಿರಲಿಲ್ಲ, ಬರೆದು ತೋರಿಸು ಎಂದರು, ಟೀಚರ್” ಎಂದಳು.

ಪೋಷಕರೇ, ನಿಮ್ಮ ಮಗಳು ಕರವಸ್ತ್ರವನ್ನು ಮನೆಗೆ ತಂದಾಗ ಅದರ ಮೂಲೆಯನ್ನು ಒಮ್ಮೆ ಓದಿರಿ. ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ಕರವಸ್ತ್ರವಿದ್ದರೆ ತನ್ನಿರಿ. ಅಕ್ಷರವನ್ನು ಬಿಚ್ಚಿದ್ದರೂ ತನ್ನಿರಿ. ಹಳೆಯ ತೂತುಗಳಲ್ಲಿಯೇ ಮತ್ತೆ ಸೂಜಿ ಹಾಕಲು ಬರುತ್ತದೆ.