ಹಳೆಯ ಜೀಪಿಗೆ ದೊಡ್ಡ ಚಕ್ರ ಬೇಕೇ?

ನಮ್ಮ ಸದಸ್ಯರಲ್ಲಿ ಹೊಸ ಗಾಡಿ ಕೊಂಡವರಿಗಿಂತ ಹಳೆಯ ಗಾಡಿಯನ್ನೇ ನಂಬಿ ಬಾಳುವವರು ಹೆಚ್ಚು. ಹದಿನೈದು ಇಪ್ಪತ್ತು ವರ್ಷ ದುಡಿದ ಬೊಲೆರೊ, ಅದಕ್ಕೂ ಹಿರಿದಾದ ಎಂಎಂ 540, ಅಲ್ಲೊಂದು ಇಲ್ಲೊಂದು ಜಿಪ್ಸಿ, ಇವೇ ನಮ್ಮ ತೋಟದ ಎತ್ತು, ಇವೇ ಕುದುರೆ. ಗೊಬ್ಬರದ ಮೂಟೆ, ಕಾಫಿ ಹಣ್ಣು, ಬೋರ್ಡೋ ದ್ರಾವಣದ ಪೀಪಾಯಿ, ಕೆಲಸದಾಳುಗಳು, ಶಾಲೆಗೆ ಹೋಗುವ ಮಕ್ಕಳು, ಎಲ್ಲವೂ ಎಲ್ಲರೂ ಸಾಗುವುದು ಅದರಲ್ಲೇ.

ಇತ್ತೀಚೆಗೆ ಇಂಥ ಗಾಡಿಗಳನ್ನು ಮೈಸೂರಿಗೆ ತಂದು ದೊಡ್ಡ ಚಕ್ರ, ಅಗಲದ ಟೈರು ಹಾಕಿಸಿಕೊಂಡು ಹೋಗುವ ಪದ್ಧತಿ ಬೆಳೆಯುತ್ತಿದೆ. ಅಂಗಡಿಯ ಮುಂದೆ ನಿಂತಾಗ ಗಾಡಿ ಗಂಭೀರವಾಗಿಯೇ ಕಾಣುತ್ತದೆ. ಊರು ಮುಟ್ಟಿ ಮೂಟೆ ಹೇರಿದೊಡನೆ ಚಕ್ರದ ಬಳಿ ‘ಗರ್ ಗರ್’ ಎಂಬ ಸದ್ದು ಶುರುವಾಗುತ್ತದೆ. ಮೊನ್ನೆ ಸದಸ್ಯರೊಬ್ಬರು ಇಂಥದೇ ಗಾಡಿಯನ್ನು ಕಚೇರಿಗೆ ತಂದಿದ್ದರು. ಮುಂದಿನ ಟೈರಿನ ಒಳಪಕ್ಕೆ ಉಜ್ಜಿ ಉಜ್ಜಿ ನೂಲು ಕಾಣುತ್ತಿತ್ತು. ಅದೇ ಗಾಡಿಯಲ್ಲಿ ಅವರು ದಿನವೂ ಎಂಟು ಹತ್ತು ಆಳುಗಳನ್ನು ಇಳಿಜಾರಿನಲ್ಲಿ ಕರೆದೊಯ್ಯುತ್ತಿದ್ದರು. ಈ ಮಾತನ್ನು ಬರೆಯಲು ಅದೇ ಕಾರಣ.

ಟೈರಿನ ಲೆಕ್ಕ

ಮೈಸೂರಿಗೆ ಟೈರು ಹೊಸದಲ್ಲ. ವಿಕ್ರಾಂತ್ ಕಾರ್ಖಾನೆಯ ಹೆಸರು ನಮ್ಮ ತಲೆಮಾರಿಗೆಲ್ಲ ಗೊತ್ತು. 1997ರಲ್ಲಿ ಅದು ಜೆ.ಕೆ. ಸಂಸ್ಥೆಯ ಕೈ ಸೇರಿತು. ಟೈರು ತಯಾರಾಗುವ ಊರಿಗೆ ಬಂದು, ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದದೆ ಹಣ ಕೊಟ್ಟು ಬರುವುದು ಬೆಳೆಗಾರನಿಗೆ ಒಪ್ಪುವ ಮಾತಲ್ಲ.

ಬೊಲೆರೊ ಗಾಡಿಯ ಟೈರಿನ ಮೇಲೆ 215/75 ಆರ್ 15 ಎಂದಿರುತ್ತದೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡ 75. 15 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಕೂಡಿಸಿದರೆ ಟೈರಿನ ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಇದರ ಬದಲು 235/75 ಆರ್ 15 ಹಾಕಿದರೆ ವ್ಯಾಸ 733 ಮಿ.ಮೀ. ಆಗುತ್ತದೆ. ಹೆಚ್ಚಿದ್ದು 30 ಮಿ.ಮೀ. ಆದರೂ ಆಕ್ಸಲ್ ಮೇಲೇರುವುದು ಅದರ ಅರ್ಧ, ಅಂದರೆ 15 ಮಿ.ಮೀ. ಮಾತ್ರ. ಒಂದು ಹಣ್ಣಾದ ಅರೇಬಿಕಾ ಕಾಫಿಯ ಗಾತ್ರ! ಇಷ್ಟು ಎತ್ತರಕ್ಕಾಗಿ ಐದು ಟೈರಿನ ಬೆಲೆ ತೆರಬೇಕೇ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.

ಇನ್ನೂ ಮುಂದೆ ಹೋಗಿ 31 ಅಂಗುಲದ ಟೈರು ಹಾಕಿಸುವವರೂ ಇದ್ದಾರೆ. ಅದರ ವ್ಯಾಸ ಸುಮಾರು 787 ಮಿ.ಮೀ., ಅಂದರೆ ಮೂಲಕ್ಕಿಂತ ಶೇಕಡ 12ರಷ್ಟು ಹೆಚ್ಚು. ಆಗ ಸ್ಪೀಡೋಮೀಟರು 60 ತೋರಿಸುವಾಗ ಗಾಡಿ ನಿಜಕ್ಕೂ 67ರ ವೇಗದಲ್ಲಿರುತ್ತದೆ. ಎಂಜಿನ್ನು ಹಳೆಯದೇ, ಗೇರೂ ಹಳೆಯದೇ. ಆದ್ದರಿಂದ ನೆಲಕ್ಕೆ ಮುಟ್ಟುವ ಎಳೆತದ ಶಕ್ತಿ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಬ್ರೇಕಿನ ಹಿಡಿತಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಏರಿನಲ್ಲಿ ಕ್ಲಚ್ಚು ಸವೆಯುವುದು, ಇಳಿಜಾರಿನಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುವುದು ಇದರಿಂದಲೇ.

ಉಜ್ಜುವುದು ಎಲ್ಲಿ, ಏಕೆ?

ಟೈರು ಉಜ್ಜುವ ಜಾಗಗಳು ಮುಖ್ಯವಾಗಿ ಮೂರು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂದಿನ ಟೈರಿನ ಒಳಪಕ್ಕೆ ಸ್ಪ್ರಿಂಗಿಗೋ ಚಾಸಿಗೋ ತಾಗುತ್ತದೆ. ಅದೇ ತಿರುವಿನಲ್ಲಿ ಹೊರ ಅಂಚು ಬಂಪರಿನ ಮೂಲೆಗೆ ಇಲ್ಲವೆ ಮಡ್‌ಗಾರ್ಡಿನ ಹಿಂಬದಿಗೆ ತಾಗುತ್ತದೆ. ಮೂರನೆಯದು, ಭಾರ ಹೇರಿದಾಗ ಹಿಂದಿನ ಟೈರು ಮೇಲಿನ ತಗಡಿಗೆ ತಾಗುವುದು. ಖಾಲಿ ಗಾಡಿಯನ್ನು ಸಮನೆಲದ ಮೇಲೆ ತಿರುಗಿಸಿ ‘ಏನೂ ತಾಗುವುದಿಲ್ಲ’ ಎಂದು ಅಂಗಡಿಯವರು ಹೇಳುವ ಮಾತಿಗೆ ಈ ಕಾರಣದಿಂದಲೇ ಬೆಲೆಯಿಲ್ಲ. ನಮ್ಮ ಗಾಡಿ ಖಾಲಿ ಓಡುವುದೂ ಅಪರೂಪ, ಸಮನೆಲದಲ್ಲಿ ಓಡುವುದೂ ಅಪರೂಪ.

ಹಳೆಯ ಗಾಡಿಯಲ್ಲಿ ಇನ್ನೊಂದು ಸಂಗತಿಯಿದೆ. ವರ್ಷಗಟ್ಟಲೆ ಭಾರ ಹೊತ್ತ ಹಿಂದಿನ ಪಟ್ಟಿ ಸ್ಪ್ರಿಂಗು ಒಂದು ಅಂಗುಲ ಕುಸಿದಿದ್ದರೆ ಅದೇ 25 ಮಿ.ಮೀ. ದೊಡ್ಡ ಟೈರಿನಿಂದ ದೊರೆಯುವ 15 ಮಿ.ಮೀ. ಅದರ ಮುಂದೆ ಕಡಿಮೆಯೇ. ಕುಸಿದ ಪಟ್ಟಿಗಳಿಗೆ ಬಾಗು ಕೊಡಿಸಿ, ಮುರಿದದ್ದನ್ನು ಬದಲಿಸಿ, ಬುಷ್ಷು ಮತ್ತು ಶ್ಯಾಕಲ್ಲುಗಳನ್ನು ಹೊಸದು ಹಾಕಿಸಿದರೆ ಗಾಡಿ ತನ್ನ ಮೂಲ ಎತ್ತರಕ್ಕೆ ಬರುತ್ತದೆ. ಮೊದಲು ಆಗಬೇಕಾದ ಕೆಲಸ ಇದು. ಎಷ್ಟೋ ಮಂದಿಗೆ ಇದಾದ ಮೇಲೆ ದೊಡ್ಡ ಟೈರಿನ ಅಗತ್ಯವೇ ಉಳಿಯುವುದಿಲ್ಲ.

ಹಾಕಲೇಬೇಕೆನ್ನುವವರಿಗೆ

1. ಗಾಡಿಯ ಕೈಪಿಡಿ ನೋಡಿರಿ. ಅದೇ ಮಾದರಿಗೆ ತಯಾರಕರೇ ಸೂಚಿಸಿದ ದೊಡ್ಡ ಅಳತೆ ಇದ್ದರೆ ಅದನ್ನೇ ಆರಿಸಿರಿ, ಅದನ್ನು ದಾಟಬೇಡಿರಿ.

2. ಅಗಲದ ರಿಮ್ಮು ತಂದರೆ ಅದರ ಆಫ್‌ಸೆಟ್ ಕೇಳಿರಿ. ಆಫ್‌ಸೆಟ್ 20 ಮಿ.ಮೀ. ಕಡಿಮೆಯಾದರೆ ಚಕ್ರ ಅಷ್ಟೇ ಹೊರಕ್ಕೆ ಬರುತ್ತದೆ. ಒಳಗೆ ಉಜ್ಜುವುದು ತಪ್ಪಬಹುದು, ಆದರೆ ಹೊರಗೆ ಮಡ್‌ಗಾರ್ಡಿಗೆ ತಾಗುತ್ತದೆ, ಬೇರಿಂಗಿನ ಮೇಲೂ ಭಾರ ಹೆಚ್ಚುತ್ತದೆ. ಸ್ಪೇಸರ್ ಹಾಕಿದರೂ ಇದೇ ಪಾಡು.

3. ಸ್ಟೀರಿಂಗಿನ ತಡೆ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ಒಳ ಉಜ್ಜಾಟ ನಿಲ್ಲುತ್ತದೆ. ಅದರೊಡನೆ ತಿರುವಿನ ಸುತ್ತಳತೆಯೂ ಹಿಗ್ಗುತ್ತದೆ. ತೋಟದ ಹೇರ್‌ಪಿನ್ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾದೀತು.

4. ಪ್ಲಾಸ್ಟಿಕ್ ಅಂಚು, ಕೆಸರು ತಡೆಯುವ ರಬ್ಬರು ಇವನ್ನು ಕತ್ತರಿಸಬಹುದು. ಚಾಸಿ, ಬ್ರೇಕಿನ ಕೊಳವೆ, ಸ್ಪ್ರಿಂಗಿನ ಕಟ್ಟು ಇವನ್ನು ಮುಟ್ಟಕೂಡದು. ಗಾಡಿಯನ್ನು ಎತ್ತರಿಸಿದರೆ ಬ್ರೇಕಿನ ಕೊಳವೆ ಎಳೆದು ನಿಲ್ಲುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ, ಗಾಡಿ ತಲೆಭಾರವಾಗುತ್ತದೆ.

5. ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿರಿ. ಹಿಂದೆ ನಾಲ್ಕಾರು ಜನರನ್ನು ಕೂರಿಸಿ, ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೈಯಿಟ್ಟು ನೋಡಿರಿ. ಎಲ್ಲೆಡೆಯೂ ಒಂದು ಬೆರಳು ಧಾರಾಳವಾಗಿ ಆಡಬೇಕು.

6. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಎರಡನ್ನು ಮಾತ್ರ ಬದಲಿಸಬಾರದು. ಮುಂದು ಹಿಂದಿನ ಚಕ್ರಗಳ ಸುತ್ತು ಹೊಂದದೆ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ.

7. ಭಾರದ ಅಂಕಿ ನೋಡಿರಿ. ಟೈರಿನ ಮೇಲೆ 100 ಎಂದಿದ್ದರೆ ಅದು ಹೊರುವುದು 800 ಕಿಲೋ, 97 ಎಂದಿದ್ದರೆ 730 ಕಿಲೋ. ನೋಟಕ್ಕೆ ದೊಡ್ಡದಾದ ಟೈರು ಹೆಚ್ಚು ಭಾರ ಹೊರುತ್ತದೆಂಬ ನಿಯಮವಿಲ್ಲ. ತಯಾರಾದ ಕಾಲವನ್ನೂ ಓದಿರಿ. ಕೊನೆಯ ನಾಲ್ಕು ಅಂಕಿ 2219 ಎಂದಿದ್ದರೆ ಅದು 2019ರ 22ನೆಯ ವಾರದ ಟೈರು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದೂ ಇಂಥದ್ದನ್ನೇ. ಆದುದರಿಂದ ಕೈಪಿಡಿಯಲ್ಲಿಲ್ಲದ ಅಳತೆಯ ವಿಚಾರವಿದ್ದರೆ ಹಣ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ‘ಯಾರೂ ಕೇಳುವುದಿಲ್ಲ ಸಾರ್’ ಎಂಬ ಅಂಗಡಿಯ ಭರವಸೆ ನ್ಯಾಯಾಲಯದಲ್ಲಿ ನಿಲ್ಲದು.

ನನ್ನ ಅಭಿಪ್ರಾಯ

ಕೆಸರಿನಲ್ಲಿ ಗಾಡಿಯನ್ನು ದಾಟಿಸುವುದು ಟೈರಿನ ಗಾತ್ರಕ್ಕಿಂತ ಅದರ ಹಲ್ಲು, ಗಾಳಿಯ ಒತ್ತಡ ಮತ್ತು ಚಾಲಕನ ತಾಳ್ಮೆ. 1940ರ ದಶಕದ ವಿಲ್ಲಿಸ್ ಜೀಪು ಗುಡ್ಡ ಹತ್ತಿದ್ದು 6.00-16 ಎಂಬ ಸಣಕಲು ಟೈರಿನ ಮೇಲೆ. ಮೂಲ ಅಳತೆಯಲ್ಲೇ ಒಳ್ಳೆಯ ಹಲ್ಲಿನ ಟೈರು, ಸರಿಪಡಿಸಿದ ಸ್ಪ್ರಿಂಗು, ಹಿಡಿಯುವ ಬ್ರೇಕು, ಇವಿಷ್ಟಿದ್ದರೆ ದುಡಿಯುವ ಗಾಡಿಗೆ ಸಾಕು. ಯುವಕರಿಗೆ ಅಂದದ ಮೇಲೆ ಆಸೆ ಇರುವುದು ಸಹಜ, ಅದನ್ನು ಹೀಗಳೆಯುವುದಿಲ್ಲ. ಆದರೆ ವಾರಕ್ಕೊಮ್ಮೆ ಮೈಸೂರಿಗೆ ಓಡುವ ಗಾಡಿ ಬೇರೆ, ದಿನವೂ ಆಳುಗಳನ್ನು ಹೊತ್ತು ಇಳಿಯುವ ಗಾಡಿ ಬೇರೆ. ಹಿಂದೆ ಕುಳಿತವರಿಗೆ ಟೈರನ್ನು ಆರಿಸುವ ಹಕ್ಕಿಲ್ಲ. ಅವರ ಪರವಾಗಿ ನಾವೇ ಯೋಚಿಸಬೇಕು.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸದಸ್ಯರ ಗಾಡಿಗಳ ಟೈರು, ಸ್ಪ್ರಿಂಗು, ಬ್ರೇಕುಗಳನ್ನು ಒಂದೇ ದಿನ ಪರೀಕ್ಷಿಸುವ ಏರ್ಪಾಡನ್ನೂ, ಮೂಲ ಅಳತೆಯ ಟೈರುಗಳನ್ನು ಒಟ್ಟಾಗಿ ಕೊಳ್ಳುವ ಏರ್ಪಾಡನ್ನೂ ಸಂಘ ಮಾಡಬಹುದೆಂದು ನನಗೆ ತೋರುತ್ತದೆ. ಈ ಸೂಚನೆಯನ್ನು ಮುಂದಿನ ಸಾಮಾನ್ಯ ಸಭೆಯ ಮುಂದೆ ಇಡಲಿದ್ದೇನೆ. ಒಪ್ಪುವವರೂ ಒಪ್ಪದವರೂ ತಮ್ಮ ಗಾಡಿಯ ಮಾದರಿ ಮತ್ತು ಟೈರಿನ ಅಳತೆಯನ್ನು ಬರೆದು ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇನೆ.

– ಕಾರ್ಯದರ್ಶಿ